ಹತ್ತು ಹಾಳೆ ತಟ್ಟೆ, ಒಂದು ಸ್ಟೀಲ್ ತಟ್ಟೆ

ಅರ್ಜಿ ಫಾರಂನಲ್ಲಿ ಒಂದು ಗೆರೆ ಇತ್ತು. 'ಅನುಭವ, ವರ್ಷಗಳಲ್ಲಿ' ಅಂತ. ಅದರ ಮುಂದೆ 3 ಅಂತ ಬರೆದೆ. ಪೆನ್ನಿಗೆ ಕ್ಯಾಪು ಹಾಕಿ, ಒಲೆ ಮೇಲಿಟ್ಟ ಹಾಲು ನೋಡಲು ಒಳಗೆ ಹೋದೆ.

ವಾಪಸ್ ಬಂದಾಗ ಮಗಳು ಫಾರಂ ಹಿಡಿದು ಕೂತಿದ್ದಳು. ಇನ್ನೊಂದು ಕೈಯಲ್ಲಿ ಹಲಸಿನ ಹಪ್ಪಳ.

"ಅಮ್ಮಾ, ನೀನು ಆಫೀಸು ಬಿಟ್ಟಿದ್ದು 2006ರಲ್ಲಿ ಅಲ್ವಾ? ಆಮೇಲೆ ಏನ್ ಮಾಡ್ತಿದ್ದೆ?"

"ಮನೇಲಿದ್ದೆ."

ಅವಳು ಚುಚ್ಚಲು ಕೇಳಿದ್ದಲ್ಲ. ಪಿಯುಸಿ ಓದುವ ಹುಡುಗಿ, ಲೆಕ್ಕ ತಾಳೆಯಾಗಲಿಲ್ಲ ಅಂತ ಕೇಳಿದಳು ಅಷ್ಟೆ. ನಾನೂ ಬೇಜಾರಲ್ಲಿ ಹೇಳಿದ್ದಲ್ಲ. ಅಷ್ಟೂ ವರ್ಷಕ್ಕೆ ನನ್ನ ಹತ್ತಿರ ಇದ್ದಿದ್ದು ಆ ಒಂದೇ ಪದ. ನೋಡಿ, ಅದು 'ಮಾಡಿದೆ' ಕೂಡ ಅಲ್ಲ, 'ಇದ್ದೆ'. ಮನೆ ಮುಂದಿನ ಹಲಸಿನ ಮರವೂ ಇದ್ದಿತ್ತು, ನಾನೂ ಇದ್ದೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಮನೆ. ಹತ್ತಿರದ ರೈತ ಉತ್ಪಾದಕರ ಕಂಪನಿಯೊಂದಕ್ಕೆ ಲೆಕ್ಕ ಮತ್ತು ದಾಸ್ತಾನು ನೋಡಿಕೊಳ್ಳುವವರು ಬೇಕಾಗಿದ್ದರು. ನಮ್ಮನೆಯವರು ಫಾರಂ ತಂದು ಮೇಜಿನ ಮೇಲಿಟ್ಟು ಏನೂ ಹೇಳದೆ ತೋಟಕ್ಕೆ ಹೋಗಿದ್ದರು. ಅದು ಅವರ ರೀತಿ. ಫಾರಂನ ಎರಡನೇ ಪುಟದಲ್ಲಿ ಅರ್ಧ ಪುಟ ಖಾಲಿ ಬಿಟ್ಟು 'ನಿಮ್ಮ ಕೌಶಲಗಳನ್ನು ಉದಾಹರಣೆ ಸಹಿತ ಬರೆಯಿರಿ' ಅಂತ ಇತ್ತು. ನಾನು ಆ ಪುಟ ತಿರುವಿಯೇ ಇರಲಿಲ್ಲ.

ಮಗಳು ತಿರುವಿದಳು. ಹೈಸ್ಕೂಲಿನಲ್ಲಿ ಅವಳಿಗೆ ಜೀವನ ಕೌಶಲ ಅಂತ ಪಾಠ ಇತ್ತಂತೆ. ಒಂದು ಚಟುವಟಿಕೆ ಮಾಡಿಸಿದ್ದರಂತೆ: ನಿಮಗೆ ನೆನಪಿರುವ ಘಟನೆಗಳನ್ನು ಒಂದೊಂದು ಚೀಟಿಯಲ್ಲಿ ಬರೆಯಿರಿ, ಯಾವ ಘಟನೆಯಲ್ಲಿ ಯಾವ ಕೌಶಲ ಬಳಸಿದಿರಿ ಅಂತ ನೋಡಿ ವಿಂಗಡಿಸಿ. "ಮಾಡು, ಮಜಾ ಇರತ್ತೆ" ಅಂದಳು. ಆಷಾಢದ ಮಳೆ, ಕರೆಂಟು ಹೋಗಿ ಎರಡು ದಿನ ಆಗಿತ್ತು. ಬೇರೇನು ಕೆಲಸ? ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿದೆ. ಒಂದು ಕಡೆ ಯಾರದೋ ಚಿರಂಜೀವಿ ಸೌಭಾಗ್ಯವತಿ, ಇನ್ನೊಂದು ಕಡೆ ನನ್ನ ಬದುಕು.

ಮೊದಲ ಚೀಟಿ: 'ಮಾವನವರನ್ನು ಮೂರು ವರ್ಷ ನೋಡಿಕೊಂಡಾಯ್ತು.' ಎರಡನೆಯದು: 'ನೋಟು ರದ್ದಾದ ವರ್ಷ ಕೊಯ್ಲು ಹೇಗೋ ಮುಗಿಯಿತು.' ಮೂರನೆಯದು: 'ಕೆಲಸ ಬಿಡಬೇಕಾಯ್ತು.' ಹೀಗೇ ಸರಾಗವಾಗಿ ಇಪ್ಪತ್ತು ಚೀಟಿ ಬರೆದೆ. ಮಗಳು ಎಲ್ಲ ಓದಿ ನಗೋಕೆ ಶುರು ಮಾಡಿದಳು.

"ಅಮ್ಮಾ, ಇದರಲ್ಲಿ ನೀನೆಲ್ಲೂ ಇಲ್ವಲ್ಲ!"

ನಿಜ. ಕನ್ನಡದಲ್ಲಿ ಇದೊಂದು ಅನುಕೂಲ ಇದೆ. ಮಾಡಿದವರು ಯಾರು ಅಂತ ಹೇಳದೆ ಇಡೀ ಜೀವನ ಹೇಳಿ ಮುಗಿಸಬಹುದು. ಅಡುಗೆ ಆಯ್ತು, ಊಟ ಆಯ್ತು, ಮದುವೆ ಆಯ್ತು, ಮಕ್ಕಳಾಯ್ತು. ಅಡುಗೆ ತಾನಾಗಿ ಆಗುತ್ತದಾ? ಆದರೆ 'ಮಾಡಿದೆ' ಅಂದರೆ ಜಂಬದ ಹಾಗೆ ಕೇಳುತ್ತದೆ. ನಮ್ಮ ಕಡೆ ಸಮಾರಾಧನೆಗೆ ಇನ್ನೂರು ಜನಕ್ಕೆ ಅಡುಗೆ ಮಾಡಿ, ಯಾರಾದರೂ ಚೆನ್ನಾಗಿತ್ತು ಅಂದರೂ "ಏನೋ, ಆಯ್ತಪ್ಪ" ಅನ್ನಬೇಕು. ನನ್ನ ಅಮ್ಮನೂ ಹಾಗೇ ಅನ್ನುತ್ತಿದ್ದಳು, ಅತ್ತೆಯೂ ಹಾಗೇ.

ಮಗಳು ಒಂದು ನಿಯಮ ಹಾಕಿದಳು. ಪ್ರತಿ ಚೀಟಿಯೂ 'ಮಾಡಿದೆ, ಹೇಳಿದೆ, ಕೊಟ್ಟೆ, ಹೋದೆ' ಅಂತಲೇ ಮುಗಿಯಬೇಕು. 'ಆಯ್ತು' ಕಂಡರೆ ಹರಿದು ಹಾಕುತ್ತೇನೆ ಅಂದಳು. ಇಪ್ಪತ್ತೂ ಚೀಟಿಗಳನ್ನು ಮತ್ತೆ ಬರೆದೆ. ಇದೇನು ಬರೀ ವ್ಯಾಕರಣದ ಆಟ ಅಂದುಕೊಂಡಿದ್ದೆ. ಒಂದು ಚೀಟಿಯ ಹತ್ತಿರ ಬಂದಾಗ ಕೈ ನಿಂತಿತು. ಅದರ ಕಥೆ ಆಮೇಲೆ ಹೇಳುತ್ತೇನೆ.

ಆಮೇಲೆ ಇನ್ನೂ ಬರೆಯುತ್ತಾ ಹೋಗಿ ಚೀಟಿ ಒಟ್ಟು 63 ಆದವು. ಈಗ ಯಾವ ಗುಂಪಿಗೆ ಹಾಕುವುದು? ನನಗೆ ಬಿ.ಕಾಂ. ನೆನಪಾಯಿತು. ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ರಾಬರ್ಟ್ ಕಾಟ್ಜ್ ಅನ್ನುವವರ ಬಗ್ಗೆ ಓದಿದ್ದೆ. ಆಡಳಿತ ನೋಡುವವರಿಗೆ ಮೂರು ಬಗೆಯ ಕೌಶಲ ಬೇಕು ಅಂತ ಅವರು 1955ರಲ್ಲಿ ಬರೆದಿದ್ದರು. ಕೆಲಸದ ತಾಂತ್ರಿಕ ತಿಳಿವಳಿಕೆ ಒಂದು, ಜನರ ಜೊತೆ ನಡೆದುಕೊಳ್ಳುವುದು ಎರಡು, ಇಡೀ ಚಿತ್ರವನ್ನು ಒಟ್ಟಿಗೆ ನೋಡುವುದು ಮೂರು. ಕೆಳಗಿನ ಹಂತದಲ್ಲಿ ಮೊದಲನೆಯದು ಜಾಸ್ತಿ ಬೇಕು, ಮೇಲೆ ಹೋದ ಹಾಗೆ ಮೂರನೆಯದು ಜಾಸ್ತಿ, ಜನರ ಜೊತೆಗಿನದು ಎಲ್ಲ ಹಂತಕ್ಕೂ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಇಷ್ಟು ವರ್ಷ ಆದಮೇಲೂ ತಲೆಯಲ್ಲಿ ಇದೆಯಲ್ಲ ಅಂತ ನನಗೇ ಆಶ್ಚರ್ಯ.

ಮೂರು ಗುಂಪು ಸಾಕು ಅಂತ ಶುರು ಮಾಡಿದೆ. ಎರಡು ನಿಮಿಷಕ್ಕೆ ಕೆಟ್ಟಿತು. 'ಸುಲಿಯುವವರ ಡಬ್ಬದ ಲೆಕ್ಕ ಬರೆದೆ' ಅನ್ನುವ ಚೀಟಿ ತಾಂತ್ರಿಕ ಅಂತ ಇಟ್ಟೆ. ಆದರೆ ಆ ಲೆಕ್ಕದಲ್ಲಿ ಬರೆಯೋದೇನು ಕಷ್ಟ? ಯಾರು ಎಷ್ಟು ಡಬ್ಬ ಸುಲಿದರು ಅಂತ ಗೀಟು ಹಾಕಿದರೆ ಮುಗಿಯಿತು. ಕಷ್ಟ ಇದ್ದಿದ್ದು ಬೇರೆ ಕಡೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಾಕಿಕೊಂಡು ಹದಿನಾಲ್ಕು ಜನ ಚಪ್ಪರದಲ್ಲಿ ರಾತ್ರಿ ಹತ್ತರವರೆಗೂ ಕೂರುತ್ತಾರೆ. ಅದರಲ್ಲಿ ಇಬ್ಬರಿಗೆ ಮಾತು ಬಿಟ್ಟು ಐದು ವರ್ಷ. ಅವರಿಬ್ಬರ ಡಬ್ಬ ಅಳೆಯುವಾಗ ಒಬ್ಬಳದ್ದು ಕೊಂಚ ಗೋಪುರ ಬಂದು ಇನ್ನೊಬ್ಬಳದ್ದು ಬರದಿದ್ದರೆ ಮರುದಿನ ಒಬ್ಬಳು ಬರುವುದಿಲ್ಲ. ಹಾಗಾಗಿ ಚೀಟಿ ಜನರ ಗುಂಪಿಗೆ ಹೋಯಿತು. ಅದರ ಹಿಂದೆಯೇ ಇನ್ನೂ ಮೂವತ್ತು ಚೀಟಿ ಅಲ್ಲಿಗೇ ಹೋದವು. ಎಲ್ಲ ಒಂದೇ ಗುಂಪಿಗೆ ಹೋದರೆ ಅದನ್ನು ವಿಂಗಡಿಸಿದ್ದು ಅನ್ನೋಕಾಗುತ್ತಾ?

ಆಗ ಮಗಳ ನೋಟ್‌ಬುಕ್ಕಿನ ಪಟ್ಟಿ ತೆಗೆದೆವು. ಅದರಲ್ಲಿ ಹತ್ತು ಇವೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಶಾಲೆಗಳಿಗಾಗಿ ಮಾಡಿದ ಪಟ್ಟಿ ಅದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು ಕೂಡ ಅದೇ ಆಧಾರದ ಮೇಲೆ ಹೈಸ್ಕೂಲು ಮಕ್ಕಳಿಗೆ ಪಾಠದ ಸಾಮಗ್ರಿ ಮಾಡಿದ್ದಾರೆ. ಪಟ್ಟಿ ಒಳ್ಳೆಯದೇ. ಹೆಸರುಗಳು ಮಾತ್ರ ದೇವರಿಗೇ ಪ್ರೀತಿ. 'ಅಂತರ್‌ವ್ಯಕ್ತಿ ಸಂಬಂಧ ಕೌಶಲ' ಅಂತ ಓದಿದ ಮೇಲೆ ಯಾರ ಸಂಬಂಧವೂ ಬೇಡ ಅನ್ನಿಸಿತು. ನಾವಿಬ್ಬರೂ ಕೂತು ಹೆಸರು ಬದಲಾಯಿಸಿದೆವು. ಸ್ವ-ಅರಿವು ಅನ್ನೋದು 'ನಾನು' ಆಯಿತು. ಪರಾನುಭೂತಿ ಅನ್ನೋದು 'ಅವರ ಜಾಗದಲ್ಲಿ ನಿಲ್ಲೋದು'. ವಿಮರ್ಶಾತ್ಮಕ ಚಿಂತನೆ 'ನಂಬೋ ಮುಂಚೆ ನೋಡೋದು', ಸೃಜನಾತ್ಮಕ ಚಿಂತನೆ 'ಹೊಸದು ಹೊಳೆಯೋದು'. ಆಮೇಲೆ 'ತೀರ್ಮಾನ', 'ಗಂಟು ಬಿಡಿಸೋದು', 'ಮಾತು', 'ನಾಲ್ಕು ಜನ'. ಒತ್ತಡ ನಿರ್ವಹಣೆಗೆ 'ತಲೆಬಿಸಿ', ಭಾವನೆಗಳ ನಿರ್ವಹಣೆಗೆ 'ಸಿಟ್ಟು-ಅಳು'. ಹತ್ತು ಅಡಿಕೆ ಹಾಳೆ ತಟ್ಟೆ ತಂದು, ಅಂಚಿನ ಮೇಲೆ ಮಾರ್ಕರ್‌ನಲ್ಲಿ ಬರೆದು, ಜಗಲಿಯಲ್ಲಿ ಎರಡು ಸಾಲು ಇಟ್ಟೆವು. ಅತ್ತೆ ಬಂದು ಯಾರಿಗೆ ಊಟಕ್ಕೆ ಹಾಕ್ತಿದ್ದೀರಿ ಅಂದರು.

ವಿಂಗಡಿಸುವ ಕೆಲಸ ನನಗೆ ಹೊಸದಲ್ಲ. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಮಾಡಿ ಮಾಡಿ ಕೈಗೇ ಕಣ್ಣು ಬಂದಿದೆ. ಎಳೆಯದರಲ್ಲಿ ಸರಕು ಆಗುತ್ತದೆ, ಅದಕ್ಕೆ ರೇಟು ಜಾಸ್ತಿ. ಬಲಿತು ಹೋದದ್ದು ಗೊರಬಲು, ಅದನ್ನು ಕೇಳುವವರು ಕಡಿಮೆ. ನಾವು ರಾಶಿ ಅಂತ ಚೀಲ ಕಟ್ಟಿ ಕಳಿಸಿದ್ದಕ್ಕೆ ಮಂಡಿಯಲ್ಲಿ ಕೈ ಹಾಕಿ ನೋಡಿ "ಗೊರಬಲು ಸೇರಿದೆಯಲ್ಲ" ಅನ್ನುವುದೂ ಉಂಟು. ಚೀಟಿಗಳ ವಿಷಯದಲ್ಲಿ ಮಂಡಿಯವರ ಕೆಲಸ ಮಗಳು ಮಾಡಿದಳು.

ಬೋರ್ಡೋ, ಅಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಚೀಟಿಯನ್ನು ಮೊದಲು ಎತ್ತಿಕೊಂಡೆ. 'ಕೊಳೆರೋಗಕ್ಕೆ ಔಷಧಿ ಹದ ಮಾಡಿದೆ' ಅಂತ ಬರೆದಿದ್ದೆ. ಮುಂಗಾರು ಹಿಡಿಯುವ ಮುಂಚೆ ಒಂದು ಸಲ, ಆಮೇಲೆ ಸುಮಾರು 40–45 ದಿನಕ್ಕೆ ಇನ್ನೊಂದು ಸಲ ಹೊಡೆಸಬೇಕು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ ಆಮೇಲೆ ಸೇರಿಸಬೇಕು. ಹದ ಆಯಿತಾ ಅಂತ ನೋಡಲು ಕಬ್ಬಿಣದ ಕತ್ತಿ ಅದ್ದುತ್ತೇವೆ. ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ. ಇದನ್ನು ನಮ್ಮನೆಯಲ್ಲಿ ಎಷ್ಟೋ ವರ್ಷದಿಂದ ನಾನೇ ನೋಡುವುದು, ಕೊನೆಗಾರ ಕೂಡ "ಅಮ್ಮ ನೋಡಿದ್ರಾ?" ಅಂತ ಕೇಳಿಯೇ ಮರ ಹತ್ತುತ್ತಾನೆ.

ಈ ಚೀಟಿಗೆ ಹತ್ತು ತಟ್ಟೆಯಲ್ಲಿ ಜಾಗವೇ ಇರಲಿಲ್ಲ. 'ಗಂಟು ಬಿಡಿಸೋದು' ಅನ್ನಬಹುದು, ಆದರೆ ಇಲ್ಲಿ ಗಂಟು ಏನಿದೆ? ಇದು ಗೊತ್ತಿರುವ ಕೆಲಸವನ್ನು ಸರಿಯಾಗಿ ಮಾಡುವುದು. ಚಕ್ಕುಲಿ ಹಿಟ್ಟಿನ ಹದ, ಅಡಿಕೆ ಬೇಯಿಸಿ ಉಳಿದ ಗಟ್ಟಿ ನೀರು, ಅಂದರೆ ಚೊಗರು, ಎಷ್ಟು ಹಾಕಿದರೆ ಅಡಿಕೆಗೆ ಬಣ್ಣ ಬರುತ್ತದೆ ಅನ್ನುವುದು, ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ವೋಚರ್ ಹಾಕುವುದು, ಎಲ್ಲವೂ ಹಾಗೇ ಕೈಯಲ್ಲೇ ಉಳಿದವು. ಪಟ್ಟಿ ಮಾಡಿದವರ ತಪ್ಪಲ್ಲ. ಅವರು ಮಕ್ಕಳು ದಿನನಿತ್ಯದ ಬದುಕನ್ನು ಹೇಗೆ ಎದುರಿಸಬೇಕು ಅಂತ ಯೋಚಿಸಿ ಮಾಡಿದ್ದು, ಕಸುಬನ್ನು ಅದರಿಂದ ಹೊರಗಿಟ್ಟಿದ್ದಾರೆ. ಆ ವಿಷಯದಲ್ಲಿ ಕಾಟ್ಜ್ ವಾಸಿ, ಅವರ ಮೂರರಲ್ಲಿ ಒಂದು ಅದಕ್ಕೇ ಮೀಸಲು. ಒಳಗೆ ಹೋಗಿ ಒಂದು ಸ್ಟೀಲ್ ತಟ್ಟೆ ತಂದಿಟ್ಟೆ. 'ಕೈ' ಅಂತ ಹೆಸರು. ಅದರಲ್ಲಿ 17 ಚೀಟಿ ಬಿದ್ದವು.

ಸ್ಕೂಟಿ ಕಲಿತ ಚೀಟಿಯೂ ಮೊದಲು ಸ್ಟೀಲ್ ತಟ್ಟೆಗೇ ಹೋಗಿತ್ತು. ಗೇಟಿನ ಹೊರಗಿನ ಚರಂಡಿಗೆ ಎರಡು ಸಲ ಬಿದ್ದು ಕಲಿತದ್ದು. ಮಗಳು ಅದನ್ನು ಎತ್ತಿ 'ನಾಲ್ಕು ಜನ' ತಟ್ಟೆಗೆ ಹಾಕಿದಳು. ಯಾಕೆ ಅಂದರೆ, ಎರಡು ಸಲವೂ ಎತ್ತಲು ನಾಲ್ಕು ಜನ ಬಂದಿದ್ದರಂತೆ.

ಈಗ ನೋಟು ರದ್ದಿನ ಚೀಟಿ. 2016ರ ನವೆಂಬರ್ 8, ಮಂಗಳವಾರ ರಾತ್ರಿ. ನಮ್ಮಲ್ಲಿ ಕೊಯ್ಲು ಶುರುವಾಗಿ ಹತ್ತು ದಿನ. ನಮ್ಮನೆಯವರು ಬಟವಾಡೆಗೆ ಅಂತ ಹಿಂದಿನ ದಿನವಷ್ಟೇ ಬ್ಯಾಂಕಿನಿಂದ ದುಡ್ಡು ತಂದಿದ್ದರು, ಎಲ್ಲ ಐನೂರು, ಸಾವಿರದ ನೋಟು. ಮರುದಿನ ಅದು ಕಾಗದ. ವಾರಕ್ಕೆ ಮೊದಲು 20,000, ಆಮೇಲೆ 24,000 ರೂಪಾಯಿ ಮಾತ್ರ ತೆಗೆಯಬಹುದು ಅಂತಾಯಿತು. ತೆಗೆಯಬಹುದು ಅನ್ನುವುದು ರೂಲ್ಸು. ಬ್ಯಾಂಕಿನಲ್ಲಿ ದುಡ್ಡು ಇದ್ದರೆ ತಾನೇ? ಕೊಯ್ದ ಅಡಿಕೆ ಕಾಯುವುದಿಲ್ಲ. ಹಸಿ ಅಡಿಕೆ ಸುಲಿದು ಬೇಯಿಸದೆ ಬಿಟ್ಟರೆ ಕೆಡುತ್ತದೆ. ಸುಲಿಯುವವರಿಗೆ ವಾರಕ್ಕೊಮ್ಮೆ ಬಟವಾಡೆ ಆಗದಿದ್ದರೆ ಅವರ ಮನೆಯಲ್ಲಿ ಅಕ್ಕಿ ಇಲ್ಲ.

ಆಗ ನಾನು ಏನು ಮಾಡಿದೆ ಅಂದರೆ, ಪೇಟೆಯ ಕಿರಾಣಿ ಅಂಗಡಿಯವರ ಜೊತೆ ಮಾತಾಡಿದೆ. ಸುಲಿಯುವವರು ನನ್ನ ಸಹಿ ಇರುವ ಚೀಟಿ ತಂದರೆ ಅಷ್ಟು ಮೊತ್ತದ ಸಾಮಾನು ಕೊಡಿ, ಅಡಿಕೆ ಮಾರಿದ ಮೇಲೆ ಚೆಕ್ ಕೊಡುತ್ತೇವೆ ಅಂದೆ. ಅವರು ಒಪ್ಪಿದರು. ಒಂದು ಎಕ್ಸರ್‌ಸೈಜ್ ಪುಸ್ತಕ ಹಿಡಿದು ಏಳು ವಾರ ಅದನ್ನೇ ನಡೆಸಿದೆ. ಕೊನೆಗೆ ಅಂಗಡಿಯವರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ 40 ರೂಪಾಯಿ ಮಾತ್ರ ವ್ಯತ್ಯಾಸ. ಈ ಕಥೆಯನ್ನು ಎಷ್ಟು ಮದುವೆಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಎರಡನೇ ಯೋಚನೆ ಇಲ್ಲದೆ 'ಗಂಟು ಬಿಡಿಸೋದು' ತಟ್ಟೆಗೆ ಹಾಕಿದೆ.

"ಚೀಟಿ ಐಡಿಯಾ ನಿಂಗೆ ಹೇಗೆ ಬಂತು?" ಅಂತ ಮಗಳು ಕೇಳಿದಳು.

ಹೇಗೆ ಬಂತು? ನೆನಪು ಮಾಡಿಕೊಂಡೆ. ಶನಿವಾರ ಸಂಜೆ. ಚಪ್ಪರದಲ್ಲಿ ನಾನು ಬರಿಗೈಯಲ್ಲಿ ನಿಂತು, ದುಡ್ಡಿಲ್ಲ ಅಂತ ಹೇಗೆ ಹೇಳಲಿ ಅಂತ ತಡವರಿಸುತ್ತಿದ್ದೆ. ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಅಕ್ಕ ಒಬ್ಬರು ಕತ್ತಿಯಿಂದ ತಲೆ ಎತ್ತದೇ ಅಂದರು: "ದುಡ್ಡು ಕೊಟ್ರೂ ನಾವು ಅಂಗಡಿಗೇ ಕೊಡೋದಲ್ವಾ ಅಮ್ಮ. ನೀವೇ ಅಂಗಡಿಗೆ ಹೇಳಿಬಿಡಿ."

ಇಷ್ಟೇ. ಐಡಿಯಾ ಅವರದ್ದು. ನಾನು ಪುಸ್ತಕ ಬರೆದೆ, ಸಹಿ ಹಾಕಿದೆ. ಇಷ್ಟು ವರ್ಷದಲ್ಲಿ ಆ ಅಕ್ಕ ನನ್ನ ಕಥೆಯಿಂದ ಯಾವಾಗ ಜಾರಿ ಹೋದರೋ ನನಗೆ ಗೊತ್ತಾಗಲೇ ಇಲ್ಲ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಮದುವೆಮನೆಯಲ್ಲಿ ಹೇಳುವಾಗ ಕಥೆ ಚಿಕ್ಕದಾಗಬೇಕು, ಅವರು ಬಿಟ್ಟುಹೋದರು. 'ಆಯ್ತು' ಅಂತಿದ್ದರೆ ಕಡೇಪಕ್ಷ ಯಾರ ಹೆಸರಿಗೂ ಹೋಗುತ್ತಿರಲಿಲ್ಲ. 'ಮಾಡಿದೆ' ಅಂತ ಬರೆದಾಗಲೇ ಇದು ಯಾರ ಗಂಟು, ಬಿಡಿಸಿದ್ದು ಯಾರು ಅನ್ನೋ ಪ್ರಶ್ನೆ ಎದ್ದಿದ್ದು. ಚೀಟಿ ಎತ್ತಿ 'ಮಾತು' ತಟ್ಟೆಗೆ ಹಾಕಿದೆ. ಕೇಳಿಸಿಕೊಳ್ಳುವುದೂ ಮಾತಿನಲ್ಲೇ ಬರುತ್ತದೆ ಅಂತ ಮಗಳ ನೋಟ್‌ಬುಕ್ಕಿನಲ್ಲಿ ಇತ್ತು.

ಇಲ್ಲೊಂದು ಅಡ್ಡ ಮಾತು. ಹೀಗೆ ಬದುಕನ್ನು ಗುಂಪು ಗುಂಪಾಗಿ ವಿಂಗಡಿಸುವುದನ್ನು ಸರ್ಕಾರವೂ ಮಾಡುತ್ತದೆ. 2019ರಲ್ಲಿ ದೇಶದಲ್ಲೆಲ್ಲ ಸಮಯ ಬಳಕೆಯ ಸಮೀಕ್ಷೆ ನಡೆದಿತ್ತು. ಹಿಂದಿನ ದಿನ ಬೆಳಗಿನ ಜಾವ 4 ಗಂಟೆಯಿಂದ ಹಿಡಿದು 24 ಗಂಟೆಯನ್ನು ಅರ್ಧ ಅರ್ಧ ಗಂಟೆಯಾಗಿ ಕತ್ತರಿಸಿ, ಯಾವ ಅರ್ಧ ಗಂಟೆಯಲ್ಲಿ ಏನು ಮಾಡಿದಿರಿ ಅಂತ ಕೇಳಿದ್ದರು. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 97 ನಿಮಿಷ ಅಂತ ಬಂತು. ನನಗೆ ಹಿಡಿಸಿದ್ದು ಆ 4 ಗಂಟೆ. ಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಒಲೆಗೆ ನಾವು ಬೆಂಕಿ ಹಾಕುವುದು ಆ ಹೊತ್ತಿಗೇ. ಜನಗಣತಿಯಲ್ಲಿ ಮಾತ್ರ ಬರೀ ಮನೆಗೆಲಸ ಮಾಡುವವರು 'ಕೆಲಸ ಮಾಡದವರು' ಅನ್ನುವ ಪಟ್ಟಿಗೇ ಹೋಗುತ್ತಾರೆ. ನಾನು ಫಾರಂನಲ್ಲಿ 3 ಅಂತ ಬರೆದದ್ದಕ್ಕೆ ಜನಗಣತಿಯನ್ನು ಬೈಯುವ ಹಾಗಿಲ್ಲ ಬಿಡಿ. ನನ್ನ ಕೈ ಹಿಡಿದು ಯಾರೂ ಬರೆಸಿರಲಿಲ್ಲ.

ಮಾವನವರ ಚೀಟಿ ನಾನು ತುಂಬಾ ಹೊತ್ತು ಮುಟ್ಟಲಿಲ್ಲ. 2017ರಲ್ಲಿ ಅವರಿಗೆ ಲಕ್ವ ಹೊಡೆಯಿತು, ಬಲಗಡೆ ಪೂರ್ತಿ. ಮಾತೂ ಹೋಯಿತು. ಮೂರು ವರ್ಷ ಹಾಸಿಗೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಅಂತ ನರ್ಸ್ ತೋರಿಸಿಕೊಟ್ಟಿದ್ದರು. ಮೂಗಿನ ನಳಿಗೆಯಲ್ಲಿ ಗಂಜಿ ಕೊಡುವುದು, ಕೊಡುವ ಮುಂಚೆ ತಲೆದಿಂಬು ಏರಿಸುವುದು, ಎಲ್ಲ ಕಲಿತೆ. ಒಂದೂ ಹುಣ್ಣಾಗಲಿಲ್ಲ. ಊರಲ್ಲಿ ಇದಕ್ಕೆ ನನಗೆ ಒಳ್ಳೆ ಹೆಸರಿದೆ. 'ಅವರ ಜಾಗದಲ್ಲಿ ನಿಲ್ಲೋದು' ತಟ್ಟೆ ಇದ್ದದ್ದೇ ಈ ಚೀಟಿಗಾಗಿ ಅನ್ನುವ ಹಾಗಿತ್ತು.

ಹಾಕಿದೆ. ಆಮೇಲೆ ತೆಗೆದೆ.

ಎರಡನೇ ವರ್ಷದ ಒಂದು ರಾತ್ರಿ. ಅವರು ಎಡಗೈಯಿಂದ ಮಂಚದ ಕಟ್ಟಿಗೆ ಬಡಿಯುತ್ತಿದ್ದರು, ಏನೋ ಬೇಕು ಅಂತ. ನೀರಲ್ಲ, ಮಗ್ಗುಲಲ್ಲ, ಫ್ಯಾನ್ ಅಲ್ಲ. ಅರ್ಧ ಗಂಟೆ ಆಯಿತು. ನಾನು ಕೈಯಲ್ಲಿದ್ದ ಸ್ಟೀಲ್ ಲೋಟ ನೆಲಕ್ಕೆ ಎಸೆದೆ. ಅದು ಜಗಲಿಯವರೆಗೂ ಉರುಳಿಕೊಂಡು ಹೋಯಿತು. ಅವರು ಬಡಿಯುವುದು ನಿಲ್ಲಿಸಿದರು. ಆಮೇಲೆ ಬೆಳಗಿನವರೆಗೂ ಏನೂ ಕೇಳಲಿಲ್ಲ. ಏನು ಬೇಕಾಗಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ರಾತ್ರಿಗೆ ಬೇರೆ ಚೀಟಿ ಬರೆದೆ. 'ಲೋಟ ಎಸೆದೆ.' ಅದು 64ನೆಯದು. 'ಸಿಟ್ಟು-ಅಳು' ತಟ್ಟೆಗೆ ಹಾಕಿದೆ. ಆ ತಟ್ಟೆಗೆ ಇರುವ ಅಸಲಿ ಹೆಸರು ಭಾವನೆಗಳ ನಿರ್ವಹಣೆ. ನಿರ್ವಹಣೆ ಅಂತೆ! ಇದು ಕೌಶಲ ಅಲ್ಲ ಅಮ್ಮ, ಇದು ಕೌಶಲ ಇಲ್ಲದ್ದು ಅಂತ ಮಗಳು ಮೆಲ್ಲಗೆ ಅಂದಳು. ಇರಲಿ ಅಂದೆ. ಮೊದಲಿನ ಚೀಟಿಯನ್ನು ಮತ್ತೆ ಅದರ ತಟ್ಟೆಗೇ ಹಾಕಿದೆ. ಎರಡೂ ನಿಜ. ಈ ಪಟ್ಟಿಗಳ ತೊಂದರೆ ಇದೇ ಅಂತ ನನಗನ್ನಿಸುವುದು. ಒಳ್ಳೆಯದಾಗಿದ್ದನ್ನು ಮಾತ್ರ ಕೇಳುತ್ತವೆ. ಫಾರಂಗೆ ಅದು ಸರಿ. ನನ್ನ ಜಗಲಿಯಲ್ಲಿ ನಾನು ಕೂತಿರುವಾಗಲೂ ಅದೇ ನಿಯಮ ಯಾಕೆ?

'ತಲೆಬಿಸಿ' ತಟ್ಟೆ ಖಾಲಿ ಉಳಿಯಿತು. ಮಗಳಿಗೆ ಅದು ಸಹಿಸಲಿಲ್ಲ, ಏನಾದರೂ ಬರಿ ಅಂತ ಹಿಂದೆ ಬಿದ್ದಳು. ತಲೆಬಿಸಿ ಆದಾಗ ನಾನು ಬಚ್ಚಲಿನ ಹಂಡೆ ಉಜ್ಜುತ್ತೇನೆ. ನಮ್ಮನೆ ಹಂಡೆ ಯಾವಾಗಲೂ ಫಳಫಳ. ಅದನ್ನು ಬರೆಯಲಾ ಅಂದೆ. ಬೇಡ ಅಂದಳು.

ಇನ್ನು ಕೈ ನಿಂತ ಚೀಟಿ. 'ಕೆಲಸ ಬಿಡಬೇಕಾಯ್ತು.'

ಶಿವಮೊಗ್ಗದ ಒಂದು ಆಡಿಟ್ ಆಫೀಸಿನಲ್ಲಿ ಮೂರು ವರ್ಷ ಇದ್ದೆ. 2006ರಲ್ಲಿ ಮದುವೆ ಗೊತ್ತಾಯಿತು, ಬಿಡಬೇಕಾಯ್ತು. ಈ ವಾಕ್ಯವನ್ನು ಬಂಧುಗಳಿಗೆ, ಗೆಳತಿಯರಿಗೆ, ಮಗಳಿಗೆ ಎಷ್ಟು ಸಲ ಹೇಳಿದ್ದೇನೆ. ಜಗಳ ಆದಾಗ ನಮ್ಮನೆಯವರಿಗೂ ಹೇಳಿದ್ದೇನೆ. ಅವರು ಆಗೆಲ್ಲ ಸುಮ್ಮನಾಗಿಬಿಡುತ್ತಿದ್ದರು. ಈಗ ಅದನ್ನು ತಿದ್ದಿ ಬರೆಯಬೇಕು. 'ಬಿಡಬೇಕಾಯ್ತು' ಅಂದರೆ ಯಾರೋ ಬಿಡಿಸಿದರು ಅಂತ. ಯಾರು?

ಒಬ್ಬೊಬ್ಬರನ್ನೇ ನೆನೆದೆ. ಅಪ್ಪ ಹೇಳಲಿಲ್ಲ. ನಮ್ಮನೆಯವರು ಹೇಳಲಿಲ್ಲ, ಅವರು ಏನನ್ನೂ ಹೇಳುವವರಲ್ಲ. ಮಾವನವರು "ಬಸ್ಸು ಮನೆ ಹತ್ತಿರವೇ ನಿಲ್ಲುತ್ತೆ" ಅಂದಿದ್ದು ಚೆನ್ನಾಗಿ ನೆನಪಿದೆ. ಅತ್ತೆ "ಹೋಗೋದಿದ್ರೆ ಹೋಗು, ಬೆಳಗಿನ ತಿಂಡಿ ನಾನು ನೋಡ್ಕೋತೀನಿ" ಅಂದಿದ್ದರು. ಸುಮಾರು 60 ಕಿಲೋಮೀಟರ್ ದಾರಿ, ದೂರವೇ. ಆದರೆ ಹಾಗೆ ಓಡಾಡುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ನನಗೆ ಆ ಆಫೀಸು ಬೇಡವಾಗಿತ್ತು. ಮಾರ್ಚ್ ಬಂತೆಂದರೆ ರಾತ್ರಿ ಎಂಟರವರೆಗೆ ಇನ್ನೊಬ್ಬರ ವೋಚರ್‌ಗಳು. ತಪ್ಪಾದರೆ ಎಲ್ಲರ ಮುಂದೆ ಫೈಲು ಮೇಜಿನ ಮೇಲೆ ಬೀಳುತ್ತಿತ್ತು. ಮದುವೆ ಗೊತ್ತಾದ ದಿನ ನನಗೆ ಆದ ಖುಷಿಯಲ್ಲಿ ಅರ್ಧ ಹುಡುಗನದ್ದು, ಅರ್ಧ ಆ ಆಫೀಸಿಗೆ ಇನ್ನು ಹೋಗಬೇಕಾಗಿಲ್ಲ ಅನ್ನುವುದು. ಇದನ್ನು ಯಾರಿಗೂ ಹೇಳಿರಲಿಲ್ಲ. ವರ್ಷಗಳು ಕಳೆದಂತೆ ಗೆಳತಿಯರು ಮ್ಯಾನೇಜರ್‌ಗಳಾದರು, ನನಗೆ 'ಬಿಡಬೇಕಾಯ್ತು' ಬಹಳ ಉಪಯೋಗಕ್ಕೆ ಬಂತು.

ಚೀಟಿಯನ್ನು ಹರಿದು ಹೊಸದು ಬರೆದೆ. 'ಕೆಲಸ ಬಿಟ್ಟೆ.' ಎರಡೇ ಪದ. 'ತೀರ್ಮಾನ' ತಟ್ಟೆಗೆ ಹಾಕಿದೆ. ಅದನ್ನು ಬರೆದಾಗ ಹಗುರ ಆಯಿತು ಅಂತೇನೂ ಇಲ್ಲ. ಒಂದು ರೀತಿ ನಷ್ಟವೇ ಆಯಿತು. ಇನ್ನು ಮುಂದೆ ಜಗಳದಲ್ಲಿ ಅದನ್ನು ಬಳಸುವ ಹಾಗಿಲ್ಲ. ರಾತ್ರಿ ನಮ್ಮನೆಯವರು ತಟ್ಟೆಗಳನ್ನು ದಾಟಿಕೊಂಡು ಹೋಗುವಾಗ ಆ ಚೀಟಿ ಓದಿದರು. ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಕಾಫಿ ಅವರೇ ಮಾಡಿದ್ದರು. ಸಕ್ಕರೆ ಜಾಸ್ತಿ.

ಫಾರಂ ತುಂಬಿಸಿದೆ. ಎರಡನೇ ಪುಟಕ್ಕೆ ಸ್ಟೀಲ್ ತಟ್ಟೆಯಿಂದ ನಾಲ್ಕು, 'ಮಾತು' ತಟ್ಟೆಯಿಂದ ಒಂದು, 'ನಾಲ್ಕು ಜನ' ತಟ್ಟೆಯಿಂದ ಎರಡು ಚೀಟಿ ಎತ್ತಿಕೊಂಡೆ. ಕಿರಾಣಿ ಅಂಗಡಿಯ ಕಥೆಯಲ್ಲಿ ಆ ಅಕ್ಕನ ಸಲಹೆ ಅಂತ ಸೇರಿಸಿ ಬರೆದೆ. ಅನುಭವದ ಗೆರೆಯಲ್ಲಿ 3 ಹೊಡೆದು ಹಾಕಿ '3 + 18' ಅಂತ ಬರೆದೆ. ಕೂಡಿಸಿ 21 ಅನ್ನಲು ಧೈರ್ಯ ಸಾಲಲಿಲ್ಲ. ಎರಡು ವಾರಕ್ಕೆ ಕರೆದರು. ನಾಲ್ಕು ಜನ ಕೂತಿದ್ದರು. ಎರಡನೇ ಪುಟ ಯಾರೂ ತಿರುವಲಿಲ್ಲ. "ಟ್ಯಾಲಿ ಬರುತ್ತಾ?" ಅಂದರು. ಬರುತ್ತೆ ಅಂದೆ. "ಹೊಸ ವರ್ಷನ್?" ಅಂದರು. ಕಲಿತೀನಿ ಅಂದೆ. ಉತ್ತರ ಇನ್ನೂ ಬಂದಿಲ್ಲ.

ತಟ್ಟೆಗಳು ಮಾತ್ರ ಜಗಲಿಯಲ್ಲಿ ಒಂದು ವಾರ ಹಾಗೇ ಇದ್ದವು. ಕೊನೆಯ ದಿನ ಅತ್ತೆ ಅಲ್ಲೇ ಕೂತು ಬಾಳೆಕಾಯಿ ಹೆಚ್ಚುತ್ತಿದ್ದರು. ನಾನು ಚೀಟಿಗಳನ್ನು ತೆಗೆದಿಡುತ್ತಿದ್ದೆ.

"ನಂದೂ ಒಂದು ಬರಿ" ಅಂದರು.

ತಮಾಷೆ ಅಂದುಕೊಂಡೆ. ಅವರು ಹೇಳುತ್ತಾ ಹೋದರು. ಅವರು ಮದುವೆಯಾಗಿ ಬಂದ ಕೆಲವು ವರ್ಷಕ್ಕೆ ಅಟ್ಟಕ್ಕೆ ಬೆಂಕಿ ಬಿದ್ದಿತ್ತಂತೆ. ಮಳೆ ಹಿಡಿದು ಅಡಿಕೆ ಒಣಗದೆ, ಅಟ್ಟದ ಕೆಳಗೆ ಹೊಗೆ ಹಾಕಿದ್ದು ಹೊತ್ತಿಕೊಂಡಿತು. ಗಂಡಸರು ಯಾರೂ ಮನೆಯಲ್ಲಿ ಇರಲಿಲ್ಲ. ಒಳಗೆ ಮೂವರು ಮಕ್ಕಳು ಮಲಗಿದ್ದರು. ಈ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ನಾನೂ ಹತ್ತು ಸಲ ಕೇಳಿದ್ದೇನೆ.

"ಹುಡುಗರನ್ನೆಲ್ಲ ಹೊರಗೆ ತಂದಾಯ್ತು. ಬರಿ" ಅಂದರು.

ನಾನು ಅಭ್ಯಾಸಬಲದಿಂದ, ನಿಯಮ ಹೇಳಿದೆ. "ಆಯ್ತು ಅನ್ನೋ ಹಾಗಿಲ್ಲ ಅತ್ತೆ. ತಂದೆ ಅಂತ ಬರೀಲಾ?"

ಅವರ ಕತ್ತಿ ನಿಂತಿತು. ಹೆಚ್ಚಿದ ಹೋಳುಗಳನ್ನು ನೀರಿಗೆ ಹಾಕಿದರು. ಸ್ವಲ್ಪ ಹೊತ್ತು ಬಿಟ್ಟು ಅಂದರು:

"ತಂದಿದ್ದು ಕೊಟ್ಟಿಗೆ ಕೆಲಸದ ಹೆಂಗಸು. ನಾನು ಅಡಿಕೆ ಮೂಟೆ ಎಳೀತಾ ಇದ್ದೆ."

ಬರೆಯಬೇಕಾ ಬೇಡವಾ ಅಂತ ಅವರ ಮುಖ ನೋಡಿದೆ.

"ಬರಿ. ನೀನು ಬಿಟ್ಟೆ ಅಂತ ಬರೀಲಿಲ್ವಾ?"

ಬರೆದೆ. ಯಾವ ತಟ್ಟೆಗೆ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಇನ್ನೊಂದು ಬಾಳೆಕಾಯಿ ತೆಗೆದುಕೊಂಡರು.